ನಾಗರಭಾವಿಯ ದಾರಿ ಕೇಳಿದವರಿಗೆ

ಮಳೆಗಾಲ ಹಿಡಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಸ್ವರವೇ ಬೇರೆಯಾಗುತ್ತದೆ. ಪಹಣಿ ತಿದ್ದುಪಡಿ, ಚೆಕ್ ಬೌನ್ಸ್, ಜೀವನಾಂಶದ ಪ್ರಶ್ನೆಗಳ ನಡುವೆ ಪಿಯುಸಿ ಮಕ್ಕಳ ದುಂಡಗಿನ ಅಕ್ಷರ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲಿಗೆ ಸೇರುವುದು ಹೇಗೆ ಎಂಬುದೇ ಅವುಗಳಲ್ಲಿ ಮುಕ್ಕಾಲುಪಾಲಿನ ಪ್ರಶ್ನೆ. ನಮ್ಮ ರಾಜ್ಯದ ಶಾಸನಸಭೆ 1986ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿ, 1988ರಲ್ಲಿ ಮಾಧವ ಮೆನನ್ ಅವರ ಮುಂದಾಳತ್ವದಲ್ಲಿ ಮೊದಲ ತಂಡಕ್ಕೆ ಪಾಠ ಶುರುಮಾಡಿದ ಶಾಲೆ ಅದು. ಅಲ್ಲಿನ ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಸೀಟಿಗೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು. ಇತ್ತೀಚಿನ ವರ್ಷಗಳಲ್ಲಿ ಆ ಪರೀಕ್ಷೆ ಡಿಸೆಂಬರಿನಲ್ಲಿ ನಡೆಯುತ್ತಿದೆ. ಅಂದರೆ ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆಗೂ ಮೂರು ತಿಂಗಳು ಮೊದಲೇ. ಫಲಿತಾಂಶ ಬಂದ ಮೇಲೆ ವಿಚಾರಿಸೋಣ ಎಂದುಕೊಂಡವರಿಗೆ ಆ ವರ್ಷ ತಪ್ಪಿಹೋಯಿತೆಂದೇ ಲೆಕ್ಕ. ಅದಕ್ಕೇ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಸರ್ಕಾರಿ ಕಾಲೇಜಿನಲ್ಲಿ ಪ್ರಥಮ ಪಿಯು ಕಲಾ ವಿಭಾಗದಲ್ಲಿ ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ವಕೀಲಳಾಗಬೇಕೆಂಬುದು ನನ್ನ ಆಸೆ. ನಮ್ಮ ಸರ್ ಒಬ್ಬರು “ಕ್ಲ್ಯಾಟ್ ಎಲ್ಲ ಸಿಟಿಯ ಕಾನ್ವೆಂಟ್ ಮಕ್ಕಳಿಗೆ, ಸುಮ್ಮನೆ ಆಸೆ ಇಟ್ಟುಕೊಳ್ಳಬೇಡ” ಅಂದರು. ನಾನು ಕನ್ನಡ ಕಾದಂಬರಿ ಬಹಳ ಓದುತ್ತೇನೆ. ಆದರೆ ಇಂಗ್ಲಿಷ್ ಪೇಪರ್ ತೆರೆದರೆ ಒಂದು ಪ್ಯಾರಾ ಮುಗಿಸುವಷ್ಟರಲ್ಲಿ ಹತ್ತು ಸಲ ಡಿಕ್ಷನರಿ ನೋಡಬೇಕಾಗುತ್ತದೆ. ನನ್ನಿಂದ ಆಗುತ್ತದೆಯೇ?
— ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ನೀನು ನನ್ನ ಮಗಳಿಗಿಂತಲೂ ಚಿಕ್ಕವಳು, ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸರ್ ಹೇಳಿದ್ದರಲ್ಲಿ ಅರ್ಧ ನಿಜ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಬೇರೆ ಭಾಷೆಗಳಲ್ಲೂ ನಡೆಸಬೇಕೆಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ಆ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಆದರೆ ನೀನು ಅದನ್ನು ನಂಬಿಕೊಂಡು ಕಾಯುವಂತಿಲ್ಲ.

ಇನ್ನರ್ಧ ತಪ್ಪು. ಯಾಕೆಂದು ತಿಳಿಯಲು ಪ್ರಶ್ನೆಪತ್ರಿಕೆ ಹೇಗಿರುತ್ತದೆ ನೋಡು. ಎರಡು ಗಂಟೆ, 120 ಪ್ರಶ್ನೆ. ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. 2020ರಿಂದ ಇಡೀ ಪತ್ರಿಕೆ ಓದಿ ಉತ್ತರಿಸುವ ಮಾದರಿಗೆ ಬದಲಾಗಿದೆ. ಸುಮಾರು 450 ಪದಗಳ ಒಂದು ಬರಹ ಕೊಡುತ್ತಾರೆ, ಅದರ ಕೆಳಗೆ ನಾಲ್ಕಾರು ಪ್ರಶ್ನೆ ಇರುತ್ತವೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ, ಐದೂ ಭಾಗಗಳದ್ದು ಇದೇ ಕ್ರಮ. ಗಣಿತದ ಭಾಗದಲ್ಲಿ ಮಾತ್ರ ಬರಹ ಚಿಕ್ಕದಿರಬಹುದು. ಒಟ್ಟು ಹತ್ತು ಸಾವಿರ ಪದಗಳ ಆಸುಪಾಸು ಓದಬೇಕಾಗುತ್ತದೆ. ಒಂದು ಬರಹ, ಅದರ ಪ್ರಶ್ನೆಗಳು ಎಲ್ಲ ಸೇರಿ ನಿನಗೆ ಸಿಗುವುದು ಐದು ನಿಮಿಷ. ಕಾನೂನು ಎಷ್ಟು ಗೊತ್ತು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಓದಿದ್ದು ತಲೆಗೆ ಹೋಯಿತೇ ಎಂದಷ್ಟೇ ನೋಡುತ್ತಾರೆ.

ಕಾನೂನು ತರ್ಕದ ಒಂದು ಪ್ರಶ್ನೆಯನ್ನು ನಿಮ್ಮೂರ ಕಡೆಯ ಸಂಗತಿ ಹಾಕಿ ತೋರಿಸುತ್ತೇನೆ. ಕೊಟ್ಟ ಬರಹದಲ್ಲಿ ಒಂದು ನಿಯಮ ಇರುತ್ತದೆ ಎಂದುಕೋ: ಹೊರನುಗ್ಗಿದರೆ ಹಾನಿ ಮಾಡಬಲ್ಲ ವಸ್ತುವನ್ನು ತನ್ನ ಜಾಗದಲ್ಲಿ ಕೂಡಿಟ್ಟವನು, ತನ್ನಿಂದ ಏನೂ ಅಜಾಗರೂಕತೆ ಆಗದಿದ್ದರೂ, ನೆರೆಯವರ ನಷ್ಟ ತುಂಬಿಕೊಡಬೇಕು, ಮೂರನೆಯವರ ಕೃತ್ಯದಿಂದ ಹಾನಿಯಾಗಿದ್ದರೆ ಅವನಿಗೆ ಹೊಣೆ ಇಲ್ಲ. ಈಗ ಪ್ರಶ್ನೆ. ಒಬ್ಬ ರೈತ ಕೃಷಿಹೊಂಡ ತೋಡಿಸಿ ನೀರು ತುಂಬಿಸಿದ್ದಾನೆ. ಯಾರೋ ಕಿಡಿಗೇಡಿಗಳು ರಾತ್ರಿ ಬಂದು ಒಡ್ಡು ಕಡಿದರು. ನೀರು ನುಗ್ಗಿ ಪಕ್ಕದವರ ಬ್ಯಾಡಗಿ ಮೆಣಸಿನಕಾಯಿ ಹೊಲ ಕೊಚ್ಚಿಹೋಯಿತು. ಹೊಂಡದ ಮಾಲೀಕ ಪರಿಹಾರ ಕೊಡಬೇಕೇ? ಬೇಡ, ಯಾಕೆಂದರೆ ಒಡ್ಡು ಕಡಿದವರು ಮೂರನೆಯವರು. ಅದೇ ಒಡ್ಡು ಮಳೆಯ ಒತ್ತಡಕ್ಕೆ ತಾನಾಗಿ ಒಡೆದಿದ್ದರೆ? ‘ದೈವಾಧೀನದ ಘಟನೆಗೆ ವಿನಾಯಿತಿ’ ಎಂದು ನಿಯಮ ಹೇಳಿದೆಯೇ ಎಂದು ಹಿಂದೆ ತಿರುಗಿ ಓದಬೇಕು. ಇಲ್ಲಿ ಹೇಳಿಲ್ಲ, ಆದ್ದರಿಂದ ಮಾಲೀಕ ಕೊಡಬೇಕು. ನಿನ್ನ ಮನಸ್ಸಿಗೆ ಅದು ಅನ್ಯಾಯ ಅನ್ನಿಸಬಹುದು, ಆದರೂ ಉತ್ತರ ಅದೇ. ಭಾನುವಾರ ನಾನು ಪಾಠ ಹೇಳುವ ಮಕ್ಕಳಲ್ಲಿ ಈ ಪ್ರಶ್ನೆಗೆ ಎಡವುವವರು ಹೆಚ್ಚಾಗಿ ಎರಡು ಕೋಚಿಂಗ್ ಮುಗಿಸಿ ಬಂದವರು. ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಪಾಯಕಾರಿ ಕೈಗಾರಿಕೆಗಳಿಗೆ ಯಾವ ವಿನಾಯಿತಿಯೂ ಇಲ್ಲ ಎಂದಿದ್ದನ್ನು ಅವರು ಬಾಯಿಪಾಠ ಮಾಡಿರುತ್ತಾರೆ, ಅದನ್ನು ತಂದು ಕೃಷಿಹೊಂಡಕ್ಕೆ ಅಂಟಿಸುತ್ತಾರೆ. ಎದುರಿಗಿರುವ ಬರಹ ಹೇಳಿದ್ದನ್ನು ಬಿಟ್ಟು ತನಗೆ ಗೊತ್ತಿದ್ದನ್ನು ಬರೆದರೆ ಅಂಕ ಹೋಗುತ್ತದೆ.

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಕಾದಂಬರಿ ಓದುವವಳಿಗೆ ಪಾತ್ರ ಆಡಿದ ಮಾತಿಗೂ ಲೇಖಕರ ನಿಲುವಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಮುನ್ನೂರು ಪುಟದ ಎಳೆಯನ್ನು ಕೈಬಿಡದೆ ಹಿಡಿಯುವುದು ನಿನಗೆ ಈಗಾಗಲೇ ಬರುತ್ತದೆ. ಅದು ಕನ್ನಡದಲ್ಲಿ ಬಂದ ಶಕ್ತಿ, ಇಂಗ್ಲಿಷಿಗೂ ಹರಿಯುತ್ತದೆ. ನಿನಗೆ ಕಡಿಮೆ ಇರುವುದು ಪದಗಳು ಮತ್ತು ವೇಗ. ಹದಿನೆಂಟು ತಿಂಗಳಲ್ಲಿ ಎರಡೂ ಬರುತ್ತವೆ. ನಾನು ಮಕ್ಕಳಿಗೆ ಹೇಳಿಕೊಡುವ ಕ್ರಮ ಇದು. ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಒಂದು ಮುಖ್ಯ ಸುದ್ದಿ ಮತ್ತು ಸಂಪಾದಕೀಯ ಓದು. ಅದೇ ವಿಷಯವನ್ನು ಆಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ ಓದು. ಸಂಗತಿ ಮೊದಲೇ ಗೊತ್ತಿರುವುದರಿಂದ ಅರ್ಧದಷ್ಟು ಪದಗಳ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೊದಲ ಓದಿನಲ್ಲಿ ಡಿಕ್ಷನರಿ ಮುಟ್ಟಬೇಡ. ಎರಡನೇ ಓದಿನಲ್ಲಿ ಐದೇ ಪದ ಆರಿಸಿ ನೋಟ್‌ಬುಕ್ಕಿಗೆ ಬರೆದುಕೋ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ಇದೆ. ಸುಪ್ರೀಂ ಕೋರ್ಟು 2019ರಿಂದ ತನ್ನ ತೀರ್ಪುಗಳಲ್ಲಿ ಕೆಲವನ್ನು ಕನ್ನಡಕ್ಕೂ ಅನುವಾದ ಮಾಡಿಸಿ ತನ್ನ ಜಾಲತಾಣದಲ್ಲಿ ಇಡುತ್ತಿದೆ. ಒಂದು ತೀರ್ಪಿನ ಕೆಲವು ಪ್ಯಾರಾಗಳನ್ನು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಮೂಲ ತೆರೆ. ಅನುವಾದದ ಕನ್ನಡ ಕೆಲವೆಡೆ ಒರಟಾಗಿದೆ, ಆದರೂ ಈ ಕೆಲಸಕ್ಕೆ ಸಾಕು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ 1973ರ ಪ್ರಕರಣ, ಹುಬ್ಬಳ್ಳಿ ಕಡೆಯ ಎಸ್. ಆರ್. ಬೊಮ್ಮಾಯಿಯವರ 1994ರ ಪ್ರಕರಣ, ಇವುಗಳ ಬಗ್ಗೆ ಮೊದಲು ಕನ್ನಡದಲ್ಲಿ ತಿಳಿದುಕೋ. ಸಂವಿಧಾನದ ಕುರಿತ ಬರಹ ಪರೀಕ್ಷೆಯಲ್ಲಿ ಬಂದಾಗ ಪರಿಚಿತರ ಮನೆಗೆ ಹೋದ ಹಾಗಿರುತ್ತದೆ.

ಗಣಿತ ಬಿಡಬೇಡ. ಹತ್ತರಿಂದ ಹದಿನಾಲ್ಕು ಪ್ರಶ್ನೆ, ಎಲ್ಲ ಹತ್ತನೇ ತರಗತಿ ಮಟ್ಟದವು: ಶೇಕಡಾವಾರು, ಅನುಪಾತ, ಸರಾಸರಿ. ಕಲಾ ವಿಭಾಗದ ಮಕ್ಕಳು ಇದನ್ನು ಕೈಬಿಟ್ಟು ರ‍್ಯಾಂಕ್ ಕಳೆದುಕೊಳ್ಳುವುದನ್ನು ನೋಡಿ ಸಂಕಟಪಟ್ಟಿದ್ದೇನೆ.

ನಿನ್ನಂಥ ಮಕ್ಕಳಿಗಾಗಿಯೇ ಇರುವ ಒಂದು ಸಂಸ್ಥೆಯ ಹೆಸರು ಬರೆದುಕೋ: ಐಡಿಯಾ. ಪ್ರೊ. ಶಮ್ನಾದ್ ಬಷೀರ್ 2010ರಲ್ಲಿ ಕಟ್ಟಿದ್ದು. ಅನುಕೂಲ ಕಡಿಮೆ ಇರುವ ಮನೆಗಳ ಮಕ್ಕಳನ್ನು ಹುಡುಕಿ, ಕ್ಲ್ಯಾಟ್‌ಗೆ ತಯಾರು ಮಾಡಿ, ಸೀಟು ಸಿಕ್ಕ ಮೇಲೂ ಜೊತೆಗಿರುತ್ತದೆ. ಬಷೀರ್ 2019ರಲ್ಲಿ ನಮ್ಮ ಚಿಕ್ಕಮಗಳೂರಿನ ಬೆಟ್ಟದಲ್ಲಿ ತೀರಿಕೊಂಡರು. ಅವರು ಹಚ್ಚಿದ ದೀಪ ಉರಿಯುತ್ತಿದೆ. ಈ ವಾರವೇ ಅವರಿಗೆ ಬರೆ. ಬರೆದದ್ದನ್ನು ನಿಮ್ಮ ಸರ್‌ಗೂ ತೋರಿಸು. ಅವರ ಮುಂದಿನ ತರಗತಿಯ ಮಕ್ಕಳಿಗೆ ಅದು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನಾನು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದೇನೆ. ಕ್ಲ್ಯಾಟ್ ಬರೆಯಬಹುದೇ? ಎಷ್ಟು ಅಂಕ ಬೇಕು?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಬರೆಯಬಹುದು. ಯಾವ ವಿಭಾಗವಾದರೂ ಆದೀತು. ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 40. ಗರಿಷ್ಠ ವಯಸ್ಸಿನ ಮಿತಿ ಇಲ್ಲ. ದ್ವಿತೀಯ ಪಿಯುನಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬೇಕು.

ಪ್ರಶ್ನೆ: ನಾವು ಮೂಲತಃ ಉಡುಪಿಯವರು. ಹದಿನಾರು ವರ್ಷದಿಂದ ಮಸ್ಕತ್‌ನಲ್ಲಿದ್ದೇವೆ. ಮಗಳು ಎಂಟನೇ ತರಗತಿವರೆಗೆ ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಓದಿ, ಆಮೇಲೆ ಅಜ್ಜಿಮನೆಯಲ್ಲಿದ್ದು ಉಡುಪಿಯಲ್ಲೇ ಓದುತ್ತಿದ್ದಾಳೆ. ಲಾ ಸ್ಕೂಲಿನಲ್ಲಿ ಕರ್ನಾಟಕದವರಿಗೆ ಶೇ 25 ಸೀಟು ಇದೆಯಂತೆ. ಮನೆಯಲ್ಲಿ ಕನ್ನಡ, ತುಳು ಎರಡೂ ಮಾತಾಡುತ್ತೇವೆ. ಮಗಳಿಗೆ ಅದು ಸಿಗುತ್ತದಲ್ಲವೇ?
— ತಾಯಿ, ಮಸ್ಕತ್

ಉತ್ತರ: ಬೇಸರ ಮಾಡಿಕೊಳ್ಳಬೇಡಿ, ಸಿಗುವುದಿಲ್ಲ. ಆ ಮೀಸಲಾತಿಗೆ ಮನೆಮಾತಾಗಲಿ, ಹುಟ್ಟೂರಾಗಲಿ, ಮನೆಯ ವಿಳಾಸವಾಗಲಿ ಲೆಕ್ಕಕ್ಕಿಲ್ಲ. ಶಾಲೆಯಲ್ಲಿ ಕಳೆದ ವರ್ಷಗಳಷ್ಟೇ ಲೆಕ್ಕ. ದ್ವಿತೀಯ ಪಿಯು ಪರೀಕ್ಷೆಗೆ ಮುಂಚೆ ಕರ್ನಾಟಕದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ನಿಮ್ಮ ಮಗಳಿಗೆ ಅಷ್ಟು ಆಗುವುದಿಲ್ಲ. ಬಿಹಾರದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ದಂಪತಿಯ ಮಗು ಒಂದನೇ ತರಗತಿಯಿಂದ ಇಲ್ಲೇ ಓದಿದ್ದರೆ ಅದಕ್ಕೆ ಸಿಗುತ್ತದೆ.

ಇದಕ್ಕೊಂದು ಹಿನ್ನೆಲೆ ಇದೆ. ರಾಜ್ಯ ಸರ್ಕಾರ 2020ರಲ್ಲಿ ಲಾ ಸ್ಕೂಲ್ ಕಾಯ್ದೆಗೆ ತಿದ್ದುಪಡಿ ತಂದು ಈ ಶೇ 25 ಕೊಟ್ಟಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು. ಮರುವರ್ಷ ಲಾ ಸ್ಕೂಲ್ ತನ್ನದೇ ಯೋಜನೆಯಡಿ ‘ಕರ್ನಾಟಕ ವಿದ್ಯಾರ್ಥಿಗಳು’ ಎಂಬ ವರ್ಗ ಮಾಡಿತು. ನಮ್ಮ ನೆಲದಲ್ಲಿ, ನಮ್ಮ ಕಾಯ್ದೆಯಿಂದ ಎದ್ದ ಶಾಲೆಯಲ್ಲಿ ಇಲ್ಲಿನ ಸರ್ಕಾರಿ ಶಾಲೆಯ ಮಗುವಿಗೆ ಒಂದು ಜಾಗ ಇರಬೇಕು ಎಂದು ನಂಬುವವಳು ನಾನು. ಮಗಳು ಸಾಮಾನ್ಯ ಪಟ್ಟಿಯಲ್ಲೇ ಸ್ಪರ್ಧಿಸಲಿ. ಎಂಬತ್ತಷ್ಟೇ ಇದ್ದ ಸೀಟುಗಳು ಈಗ ಇನ್ನೂರು ದಾಟಿವೆ.

ಈ ಸೌಲಭ್ಯಕ್ಕೆ ಅರ್ಹರಾದ ಬೇರೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು: ಅರ್ಜಿ ತುಂಬುವಾಗಲೇ ಆ ಕಾಲಂ ಗುರುತು ಹಾಕಬೇಕು, ಮತ್ತು ಆ ಹತ್ತು ವರ್ಷಗಳ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಕೊಳ್ಳಬೇಕು. ಮೂರು ಶಾಲೆ ಬದಲಾಯಿಸಿದ್ದರೆ ಮೂರು ಕಡೆ ಓಡಾಟ. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರು ಸಿಗುವುದಿಲ್ಲ.

ಪ್ರಶ್ನೆ: ನಮ್ಮದು ಮೂರೂವರೆ ಎಕರೆ ತೆಂಗಿನ ತೋಟ. ಮಗ ದ್ವಿತೀಯ ಪಿಯು. ಕೋಚಿಂಗ್‌ನವರು ಲಕ್ಷಕ್ಕೆ ಮೇಲೆ ಕೇಳುತ್ತಿದ್ದಾರೆ. ಲಾ ಸ್ಕೂಲ್ ಫೀಜೂ ವರ್ಷಕ್ಕೆ ಲಕ್ಷಗಟ್ಟಲೆಯಂತೆ. ಕೊಬ್ಬರಿ ಬೆಲೆ ನಂಬಿ ಸಾಲ ಮಾಡಲು ಭಯ. ನಾವು ಹಿಂದುಳಿದ ವರ್ಗದವರು, ಜಾತಿ ಸರ್ಟಿಫಿಕೇಟ್ ಇದೆ. ದಾರಿ ತೋರಿಸಿ.
— ರೈತ, ಅರಸೀಕೆರೆ ತಾಲ್ಲೂಕು

ಉತ್ತರ: ಯಜಮಾನರೇ, ಮೊದಲು ಕೋಚಿಂಗ್ ವಿಷಯ. ತೋಟದ ಮೇಲೆ ಸಾಲ ತೆಗೆದು ಕೋಚಿಂಗ್‌ಗೆ ಕಟ್ಟಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳು, ಮಾದರಿ ಪತ್ರಿಕೆಗಳು ಪರೀಕ್ಷೆ ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಮಗ ವಾರಕ್ಕೊಂದು ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು, ಓಎಂಆರ್ ಹಾಳೆ ಪ್ರಿಂಟ್ ತೆಗೆಸಿ, ಪೆನ್ನಿನಲ್ಲೇ ಬರೆಯಲಿ. ಈ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಚೆನ್ನಾಗಿ ಓದಿದ್ದ ನನ್ನ ವಿದ್ಯಾರ್ಥಿಯೊಬ್ಬ ನಡುವೆ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದ. ಹಾಳೆಯಲ್ಲಿ ಆ ಸಾಲು ಖಾಲಿ ಬಿಡುವುದನ್ನು ಮರೆತ. ಅಲ್ಲಿಂದ ಮುಂದಿನ ಉತ್ತರಗಳೆಲ್ಲ ಒಂದೊಂದು ಸಾಲು ಮೇಲಕ್ಕೆ ಹೋದವು. ಆ ಹುಡುಗನ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಫೀಜಿನ ಮಾತು. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ‘ಪಿಎಂ ವಿದ್ಯಾಲಕ್ಷ್ಮಿ’ ಎಂಬ ಯೋಜನೆ ತಂದಿದೆ. ಉನ್ನತ ಶ್ರೇಯಾಂಕದ ಸಂಸ್ಥೆಗಳಿಗೆ ಸೇರುವ ಮಕ್ಕಳಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಬ್ಯಾಂಕ್ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿಯೂ ಇದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ನಿಮ್ಮ ತೋಟದ ಪಹಣಿ ಬ್ಯಾಂಕಿನವರ ಕೈಗೆ ಹೋಗದೆ ಓದು ಮುಗಿಸಬಹುದು ಎನ್ನುವುದೇ ಇದರಲ್ಲಿ ನಿಮಗೆ ಬೇಕಾದದ್ದು. ಲಾ ಸ್ಕೂಲ್ ತಾನೇ ಕೊಡುವ ಆರ್ಥಿಕ ನೆರವೂ ಇದೆ, ಸೀಟು ಸಿಕ್ಕ ಕೂಡಲೇ ಕೇಳಬೇಕು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ‘ಟಾಪ್ ಕ್ಲಾಸ್’ ವಿದ್ಯಾರ್ಥಿವೇತನ ಇದೆ. ಆ ಮನೆಗಳವರು ಫೀಜು ನೋಡಿ ಹಿಂದೆ ಸರಿಯಬಾರದು.

ಇನ್ನು ಜಾತಿ ಸರ್ಟಿಫಿಕೇಟ್. ಇಲ್ಲಿ ತುಂಬಾ ಎಚ್ಚರ ಬೇಕು. ನಾಡಕಚೇರಿಯಲ್ಲಿ ಸಿಇಟಿಗೆಂದು ಕೊಡುವುದು ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ರಾಜ್ಯದ ಪಟ್ಟಿಯದು. ಕೇಂದ್ರದ ಒಬಿಸಿ ಪಟ್ಟಿ ಬೇರೆ, ಅದರ ನಮೂನೆ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಅದರಲ್ಲಿಲ್ಲ. ಕೆನೆಪದರಕ್ಕೆ ಸೇರಿಲ್ಲ ಎಂಬ ದಾಖಲೆಯೂ ಬೇಕು. ಅರ್ಜಿಯಲ್ಲಿ ಒಬಿಸಿ ಎಂದು ಗುರುತು ಹಾಕುವ ಮುನ್ನ ಆಯಾ ವಿಶ್ವವಿದ್ಯಾಲಯ ಯಾವ ಪಟ್ಟಿ, ಯಾವ ನಮೂನೆ, ಯಾವ ತಾರೀಕಿನದು ಕೇಳುತ್ತದೆ ಎಂದು ಪ್ರಕಟಣೆಯಲ್ಲಿ ಓದಿ, ಅದನ್ನೇ ಪ್ರಿಂಟ್ ತೆಗೆದುಕೊಂಡು ತಹಶೀಲ್ದಾರ್ ಕಚೇರಿಗೆ ಹೋಗಿ. ರ‍್ಯಾಂಕ್ ಬಂದ ಮೇಲೆ ಕಾಗದ ತಪ್ಪಾಗಿ ಸೀಟು ಕೈತಪ್ಪಿದ ಮನೆಯವರೊಂದಿಗೆ ನಾನು ಕಚೇರಿ ಮೆಟ್ಟಿಲು ಹತ್ತಿದ್ದೇನೆ. ಆ ಮೂರು ವಾರ ಯಾರಿಗೂ ಬೇಡ.

ಪ್ರಶ್ನೆ: ನನಗೆ 31 ವರ್ಷ. ಬಿ.ಎ., ಬಿ.ಇಡಿ. ಮಾಡಿ ಖಾಸಗಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಈಗ ಕಾನೂನು ಓದುವ ಹಂಬಲ. ಐದು ವರ್ಷ ಕೊಡಲಾರೆ.
— ಶಿಕ್ಷಕಿ, ಕಲಬುರಗಿ

ಉತ್ತರ: ಐದು ವರ್ಷ ಬೇಕಿಲ್ಲ. ಪದವಿ ಆದವರಿಗೆ ಮೂರು ವರ್ಷದ ಎಲ್‌ಎಲ್.ಬಿ. ಎಲ್ಲೆಡೆ ಇದೆ. ನ್ಯಾಷನಲ್ ಲಾ ಸ್ಕೂಲ್ ಕೂಡ 2022ರಿಂದ ಮೂರು ವರ್ಷದ ಎಲ್‌ಎಲ್.ಬಿ. ಆನರ್ಸ್ ನಡೆಸುತ್ತಿದೆ. ಅದಕ್ಕೆ ಕ್ಲ್ಯಾಟ್ ಅಲ್ಲ, ಶಾಲೆ ತಾನೇ ನಡೆಸುವ ಎನ್‌ಎಲ್‌ಸ್ಯಾಟ್. ಅದರಲ್ಲಿ ಅರ್ಧ ಅಂಕ ಆಯ್ಕೆಯ ಪ್ರಶ್ನೆಗಳಿಗೆ, ಉಳಿದರ್ಧ ಬರವಣಿಗೆಗೆ. ಮೊದಲ ಭಾಗದಲ್ಲಿ ಮೇಲೆ ಬಂದವರ ಬರವಣಿಗೆಯನ್ನು ಮಾತ್ರ ತಿದ್ದುತ್ತಾರೆ. ವರ್ಷಗಟ್ಟಲೆ ಸಂವಿಧಾನ, ಪೌರನೀತಿ ಪಾಠ ಮಾಡಿದ ನಿಮಗೆ ವಾದ ಕಟ್ಟಿ ಬರೆಯುವುದು ಹೊಸದಲ್ಲ. ಆದರೆ ಅಲ್ಲಿನ ಓದು ಪೂರ್ಣಾವಧಿಯದು, ಕೆಲಸ ಇಟ್ಟುಕೊಂಡು ಆಗುವುದಿಲ್ಲ. ಮನೆಯ ಜವಾಬ್ದಾರಿ ನಿಮ್ಮ ಮೇಲಿದ್ದರೆ ಕಲಬುರಗಿಯಲ್ಲೇ ಇರುವ ಕಾನೂನು ಕಾಲೇಜನ್ನು ವಿಚಾರಿಸಿ. ಸಂಕೋಚ ಬೇಡ. ನಮ್ಮ ಕೋರ್ಟಿನಲ್ಲಿ ಕೌಟುಂಬಿಕ ಪ್ರಕರಣಗಳನ್ನು ಅತ್ಯಂತ ತಾಳ್ಮೆಯಿಂದ ನಡೆಸುವ ಇಬ್ಬರು ವಕೀಲೆಯರು ಮೊದಲು ಶಿಕ್ಷಕಿಯರಾಗಿದ್ದವರೇ.

ಪ್ರಶ್ನೆ: ಕ್ಲ್ಯಾಟ್ ಬರೆದೆ, ರ‍್ಯಾಂಕ್ ಬಹಳ ಹಿಂದೆ ಬಂತು. ಬೆಂಗಳೂರು ಸಿಗುವುದಿಲ್ಲ. ಕೌನ್ಸೆಲಿಂಗ್‌ಗೆ ಹಣ ಕಟ್ಟಬೇಕೇ? ಇಲ್ಲಾ ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ಬರೆಯಲೇ? ಅಪ್ಪ “ಹುಬ್ಬಳ್ಳಿಗೆ ಸೇರು” ಅನ್ನುತ್ತಾರೆ. ಅಲ್ಲಿ ಓದಿದರೆ ಬೆಲೆ ಇದೆಯೇ?
— ವಿದ್ಯಾರ್ಥಿ, ಗದಗ

ಉತ್ತರ: ಕೌನ್ಸೆಲಿಂಗ್ ಹಲವು ಸುತ್ತು ನಡೆಯುತ್ತದೆ. ಸಿಕ್ಕ ಸೀಟನ್ನು ಗಟ್ಟಿ ಮಾಡಿಕೊಳ್ಳುವುದು ಫ್ರೀಜ್. ಸೀಟು ಹಿಡಿದುಕೊಂಡೇ ಇನ್ನೂ ಮೇಲಿನ ಆಯ್ಕೆಗೆ ಕಾಯುವುದು ಫ್ಲೋಟ್. ಬಿಟ್ಟು ಹೊರಡುವುದು ಎಕ್ಸಿಟ್. ಕಳೆದ ವರ್ಷ ಯಾವ ಯಾವ ಶಾಲೆಯಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತ್ತು ಎಂದು ನೋಡು. ನಿನ್ನ ರ‍್ಯಾಂಕ್ ಅದರ ಹತ್ತಿರವೂ ಇಲ್ಲದಿದ್ದರೆ ಸಾವಿರಾರು ರೂಪಾಯಿ ಕಟ್ಟಿ ಕಾಯಬೇಡ. ದೂರದ ರಾಜ್ಯವೊಂದರ ಹೊಸ ಶಾಲೆಯಲ್ಲಿ ಸೀಟು ಸಿಗುವಂತಿದ್ದರೆ ಅಲ್ಲಿನ ಫೀಜು, ಅಧ್ಯಾಪಕರು, ಗ್ರಂಥಾಲಯ ವಿಚಾರಿಸು. ಹೆಸರಿನಲ್ಲಿ ‘ರಾಷ್ಟ್ರೀಯ’ ಇದ್ದ ಮಾತ್ರಕ್ಕೆ ಎಲ್ಲ ಒಂದೇ ಮಟ್ಟದವಲ್ಲ.

ಒಂದು ವರ್ಷ ಮನೆಯಲ್ಲಿ ಕೂರುವುದಕ್ಕೆ ನನ್ನ ಒಪ್ಪಿಗೆ ಕಡಿಮೆ. ಕೆಲವೇ ಅಂಕಗಳಲ್ಲಿ ತಪ್ಪಿದ್ದರೆ ಬೇರೆ ಮಾತು. ನಿನ್ನ ಪತ್ರದಲ್ಲಿ ಹಾಗೆ ಕಾಣಿಸುವುದಿಲ್ಲ.

ಅಪ್ಪನ ಮಾತಿಗೆ ಬೆಲೆ ಕೊಡು. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಶುರುವಾದದ್ದು. ಅದರ ಸ್ವಂತ ಲಾ ಸ್ಕೂಲಿನಲ್ಲಿ ಐದು ವರ್ಷದ ಆನರ್ಸ್ ಪದವಿ ಇದೆ, ಪ್ರವೇಶ ಪಿಯುಸಿ ಅಂಕದ ಮೇಲೆ. ಫೀಜು ನಾಗರಭಾವಿಯ ಒಂದು ಸಣ್ಣ ಪಾಲು. ಅದರ ಅಧೀನ ಕಾಲೇಜುಗಳ ಪ್ರಶ್ನೆಪತ್ರಿಕೆಯಲ್ಲಿ ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಬರೆಯಿರಿ ಎಂದು ಅಚ್ಚುಹಾಕಿರುತ್ತಾರೆ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಿದ ಇ. ಎಸ್. ವೆಂಕಟರಾಮಯ್ಯನವರು ದೇಶದ ಮುಖ್ಯ ನ್ಯಾಯಮೂರ್ತಿ ಆದರು.

ಸನ್ನದು ಪಡೆಯುವಾಗ ನಾಗರಭಾವಿಯಲ್ಲಿ ಓದಿದವನೂ ಹುಬ್ಬಳ್ಳಿಯಲ್ಲಿ ಓದಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಒಂದೇ ಅಖಿಲ ಭಾರತ ಬಾರ್ ಪರೀಕ್ಷೆ ಬರೆಯುತ್ತಾರೆ. ದೊಡ್ಡ ಕಾರ್ಪೊರೇಟ್ ಕಂಪನಿಗಳು ನೇರವಾಗಿ ಕಾಲೇಜಿಗೇ ಬಂದು ಕೆಲಸ ಕೊಡುವುದು ನಾಗರಭಾವಿಯಲ್ಲಿ ಹೆಚ್ಚು, ಅದನ್ನು ನಾನು ಮುಚ್ಚಿಡುವುದಿಲ್ಲ. ನಿನಗೆ ಬೇಕಾದದ್ದು ಅದೇ ಆದರೆ ಹುಬ್ಬಳ್ಳಿಯಿಂದ ಹೋಗುವ ಹಾದಿ ಉದ್ದ. ಆದರೆ ಗದಗದ ಕೋರ್ಟಿನಲ್ಲಿ ವಾದ ಮಾಡುವ, ಮುಂದೆ ಸಿವಿಲ್ ನ್ಯಾಯಾಧೀಶನಾಗುವ ಆಸೆ ಇದ್ದರೆ ನಿನ್ನ ಕನ್ನಡವೇ ಬಂಡವಾಳ. ನಮ್ಮ ರಾಜ್ಯದ ಆ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವ ಪತ್ರಿಕೆಯೇ ಒಂದಿದೆ. 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅದಕ್ಕೆ ಮೊದಲು ಮೂರು ವರ್ಷ ವಕೀಲಿ ಮಾಡಿರಬೇಕು. ಅಷ್ಟು ವರ್ಷ ಸಾಕ್ಷಿಗಳ ಮಾತು ಕೇಳುತ್ತಾ, ಫಿರ್ಯಾದಿ ಬರೆಯುತ್ತಾ ಕಲಿಯುವುದು ಬಹಳ ಇದೆ.

ಅಂಕಪಟ್ಟಿ ಕೈಗೆ ಬಂದ ವಾರದಲ್ಲೇ ಅಪ್ಪನ ಜೊತೆ ನವನಗರಕ್ಕೆ ಹೋಗಿ ಬಾ. ಗದಗದಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಗ್ರಂಥಾಲಯದೊಳಗೆ ಬಿಡುತ್ತಾರೋ ಕೇಳು, ಅಲ್ಲಿ ಓದುತ್ತಿರುವ ಹುಡುಗರನ್ನು ಮಾತಾಡಿಸು. ಅಣಕು ನ್ಯಾಯಾಲಯದ ಸ್ಪರ್ಧೆಗಳಿಗೆ ಯಾರನ್ನು ಕಳಿಸುತ್ತಾರೆ, ಹೇಗೆ ತಯಾರು ಮಾಡುತ್ತಾರೆ ಎಂದು ವಿಚಾರಿಸು. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸು.